ಪಿ. ಲಂಕೇಶ್

ಪಿ. ಲಂಕೇಶ್ (8 ಮಾರ್ಚ್ 1935 – 25 ಜನವರಿ 2000) ಇಪ್ಪತ್ತನೆಯ ಶತಮಾನದ ಉತ್ತರಾರ್ಧದ ಪ್ರಮುಖ ಕನ್ನಡ ನಾಟಕಕಾರ ಮತ್ತು ಕಾದಂಬರಿಕಾರ. ಜೊತೆಗೆ ಕವಿ, ಕಥೆಗಾರ, ಅನುವಾದಕ, ಚಲನಚಿತ್ರ ನಿರ್ದೇಶಕ ಹಾಗೂ ‘ಲಂಕೇಶ್ ಪತ್ರಿಕೆ’ ವಾರಪತ್ರಿಕೆಯ ಸ್ಥಾಪಕ ಸಂಪಾದಕ. ಹುಟ್ಟೂರು ಶಿವಮೊಗ್ಗ ತಾಲ್ಲೂಕಿನ ಕೊನಗವಳ್ಳಿ. ‘ಕಲ್ಲು ಕರಗುವ ಸಮಯ’ ಕಥಾಸಂಕಲನಕ್ಕೆ 1993ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, ‘ಪಲ್ಲವಿ’ ಚಿತ್ರಕ್ಕೆ ಅತ್ಯುತ್ತಮ ನಿರ್ದೇಶಕ ರಾಷ್ಟ್ರಪ್ರಶಸ್ತಿ ಸಂದಿವೆ. ಇಷ್ಟು ಕ್ಷೇತ್ರಗಳಲ್ಲಿ ಕೆಲಸ ಮಾಡಿದ ಲೇಖಕರನ್ನು ಸಾಹಿತ್ಯ ಚರಿತ್ರೆಗಳು ಸಾಮಾನ್ಯವಾಗಿ ಎರಡು ಭಾಗ ಮಾಡುತ್ತವೆ: 1980ರವರೆಗೆ ಸಾಹಿತಿ, ಆಮೇಲೆ ಪತ್ರಕರ್ತ. ಕೃತಿಗಳನ್ನು ಕಾಲಾನುಕ್ರಮದಲ್ಲಿ ಇಟ್ಟು ನೋಡಿದರೆ ಈ ವಿಂಗಡಣೆ ನಿಲ್ಲುವುದಿಲ್ಲ. ಜನ ಎದುರುಬದುರಾಗಿ ಮಾತಾಡುವ ಬಗೆಯನ್ನು ಹಿಡಿಯುವ ನಾಟಕಕಾರನ ಕಿವಿ ಅವರ ಕಾದಂಬರಿ, ಕಥೆ, ಸಿನಿಮಾ, ಪತ್ರಿಕೆ ಎಲ್ಲದರ ಹಿಂದೆಯೂ ಕೆಲಸ ಮಾಡಿದೆ.

ಹುಟ್ಟೂರು ಮತ್ತು ಪರಿಸರ

ಶಿವಮೊಗ್ಗ ಜಿಲ್ಲೆಯ ಲೇಖಕ ಎಂದೊಡನೆ ಓದುಗರಿಗೆ ನೆನಪಾಗುವುದು ದಟ್ಟ ಕಾಡಿನ ಮಲೆನಾಡು. ಕುವೆಂಪು ಅವರ ಕಾದಂಬರಿಗಳ ಹೆಗ್ಗಡೆ ಮನೆಗಳು, ಯು. ಆರ್. ಅನಂತಮೂರ್ತಿ ಅವರ ‘ಸಂಸ್ಕಾರ’ದ ಅಗ್ರಹಾರ, ಎರಡೂ ತೀರ್ಥಹಳ್ಳಿ ಸೀಮೆಯ ಅನುಭವದಿಂದ ಹುಟ್ಟಿದವು. ಲಂಕೇಶರ ನೆಲ ಅದಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರಗಳ ಮಳೆಕಾಡು ಮುಗಿದು ಬಯಲುಸೀಮೆ ಆರಂಭವಾಗುವ ಕಡೆ ಶಿವಮೊಗ್ಗ ಮತ್ತು ಭದ್ರಾವತಿ ತಾಲ್ಲೂಕುಗಳಿವೆ. ಇಲ್ಲಿ ಮಳೆ ಕಡಿಮೆ, ಕೆರೆ ಕಾಲುವೆಗಳ ಬೇಸಾಯ ಹೆಚ್ಚು. ಒಂಟಿಮನೆಗಳು ಅಪರೂಪ; ಹಲವು ಜಾತಿಯವರು ಒತ್ತೊತ್ತಾಗಿ ಬಾಳುವ ಊರುಗಳೇ ಸಾಮಾನ್ಯ. ಕೊನಗವಳ್ಳಿ ಇಂಥ ಅರೆಮಲೆನಾಡಿನ ಹಳ್ಳಿ; ಲಂಕೇಶರದು ಅಲ್ಲಿನ ಲಿಂಗಾಯತ ರೈತ ಮನೆ. ಕಾಡಿನ ನಡುವಿನ ಮನೆಯಲ್ಲಿ ಮೌನಕ್ಕೆ, ನಿಸರ್ಗಕ್ಕೆ ಸಿಗುವ ಜಾಗ ಬಯಲು ಊರಿನ ಬೀದಿಯಲ್ಲಿ ಸಿಗುವುದಿಲ್ಲ. ಅಲ್ಲಿ ಜಗಳ, ಸಾಲ, ಸಂಬಂಧ, ಚಾಡಿ ಎಲ್ಲವೂ ಬಾಯಿಮಾತಿನಲ್ಲೇ ನಡೆಯುತ್ತವೆ. ಲಂಕೇಶರ ಗದ್ಯದಲ್ಲಿ ಪ್ರಕೃತಿವರ್ಣನೆ ಕಡಿಮೆ, ಸಂಭಾಷಣೆ ಹೇರಳ ಎಂಬುದಕ್ಕೆ ಈ ಭೂಗೋಳವೂ ಒಂದು ಕಾರಣವಾಗಿರಬೇಕು.

ಅವರು ಬೆಳೆದ ಕಾಲದಲ್ಲಿ ಈ ಹಳ್ಳಿಗಳ ಹುಡುಗರಿಗೆ ಹೊರದಾರಿಗಳು ಎರಡೇ. ಒಂದು, 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಮತ್ತು ಮುಂದಿನ ದಶಕದಲ್ಲಿ ಅದೇ ಊರಿಗೆ ಬಂದ ಕಾಗದದ ಕಾರ್ಖಾನೆ. ಇನ್ನೊಂದು, ಶಿವಮೊಗ್ಗದ ಹೈಸ್ಕೂಲು, ಕಾಲೇಜು. ಲಂಕೇಶ್ ಎರಡನೆಯ ದಾರಿ ಹಿಡಿದರು. ಶಿವಮೊಗ್ಗದಲ್ಲಿ ಇಂಟರ್‌ಮೀಡಿಯಟ್ ಮುಗಿಸಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಇಂಗ್ಲಿಷ್ ಆನರ್ಸ್, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಎಂ.ಎ. ಮಾಡಿದರು. ಜಿಲ್ಲೆ ಆಗ ರಾಜಕೀಯವಾಗಿಯೂ ಕಾವೇರಿತ್ತು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ನಡೆದದ್ದು 1951ರಲ್ಲಿ. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು, ಶಾಂತವೇರಿ ಗೋಪಾಲಗೌಡರು ಸಮಾಜವಾದಿ ನಾಯಕರಾಗಿ ಬೆಳೆದರು. ಲಂಕೇಶರಿಗೆ ಆಗ ಹದಿನಾರು ವರ್ಷ. ಜಾತಿ ಮತ್ತು ಅಧಿಕಾರದ ನಂಟನ್ನು ಕುರಿತ ಲೋಹಿಯಾ ವಿಚಾರಗಳು ಮುಂದೆ ಅವರ ಬರವಣಿಗೆಯಲ್ಲೂ ರಾಜಕೀಯ ನಿಲುವಿನಲ್ಲೂ ಉಳಿದುಕೊಂಡವು.

ವೃತ್ತಿ

ಎಂ.ಎ. ಬಳಿಕ ಲಂಕೇಶ್ 1959ರಲ್ಲಿ ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿಗೆ ಇಂಗ್ಲಿಷ್ ಅಧ್ಯಾಪಕರಾಗಿ ಮರಳಿದರು. 1960ರ ದಶಕದ ಆರಂಭದಲ್ಲಿ ಬೆಂಗಳೂರಿಗೆ ಹೋಗಿ, ಆ ದಶಕದ ಮುಂದಿನ ವರ್ಷಗಳಿಂದ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. 1970ರ ದಶಕದ ನಡುವಿನಿಂದ ಸಿನಿಮಾದಲ್ಲಿ ತೊಡಗಿ, ದಶಕದ ಕೊನೆಗೆ ಅಧ್ಯಾಪನ ಬಿಟ್ಟು, ಬಳಿಕ ಪತ್ರಿಕೆ ಆರಂಭಿಸಿದರು. ಆಗ ಕನ್ನಡದ ಲೇಖಕರಲ್ಲಿ ಹೆಚ್ಚಿನವರಿಗೆ ಸಂಬಳದ ಅಧ್ಯಾಪನವೇ ಆಸರೆಯಾಗಿತ್ತು. ಅದನ್ನು ನಡುವಯಸ್ಸಿನಲ್ಲಿ ಬಿಟ್ಟು ಓದುಗರು ಕೊಡುವ ಹಣವನ್ನೇ ನಂಬಿ ನಿಂತವರು ಕೆಲವರು ಮಾತ್ರ.

ನಾಟಕಗಳು

ಲಂಕೇಶರ ನಾಟಕಗಳು ಮೂರು ಹಂತಗಳಲ್ಲಿ ಬಂದವು. ಮೊದಲ ಹಂತ 1960ರ ದಶಕದ್ದು: ‘ಟಿ. ಪ್ರಸನ್ನನ ಗೃಹಸ್ಥಾಶ್ರಮ’, ‘ನನ್ನ ತಂಗಿಗೊಂದು ಗಂಡು ಕೊಡಿ’, ‘ಪೋಲೀಸರಿದ್ದಾರೆ ಎಚ್ಚರಿಕೆ’, ‘ತೆರೆಗಳು’, ‘ಕ್ರಾಂತಿ ಬಂತು ಕ್ರಾಂತಿ’ ಮತ್ತು ಕೆಲವು ಏಕಾಂಕಗಳು. ಪಾತ್ರಗಳು ಕೆಲವೇ, ಸ್ಥಳ ನಗರದ ಮಧ್ಯಮವರ್ಗದ ಕೋಣೆ. ಓದಿದವರ ಹುಸಿತನ, ದಿಕ್ಕುತಪ್ಪಿದ ಸಿಟ್ಟು, ಮದುವೆಯ ಬೇಸರ ಇವುಗಳ ವಸ್ತು. ಆಗಿನ ವಿಮರ್ಶೆ ಇವನ್ನು ನವ್ಯ ನಾಟಕ ಎಂದೂ ಅಸಂಗತ ನಾಟಕ ಎಂದೂ ಕರೆಯಿತು. ಇವು ಪಶ್ಚಿಮದ ಮಾದರಿಯ ಎರವಲು, ಆಸ್ಬರ್ನ್ ಮತ್ತು ಅಯೊನೆಸ್ಕೊ ಅವರಂಥ ನಾಟಕಕಾರರನ್ನು ಓದಿದ ಇಂಗ್ಲಿಷ್ ಮೇಷ್ಟರ ಪ್ರಯೋಗ ಎಂಬ ಆಕ್ಷೇಪ ಅಂದಿನಿಂದಲೂ ಇದೆ. ಆಕ್ಷೇಪದಲ್ಲಿ ಸತ್ಯಾಂಶವಿದೆ. ಈ ನಾಟಕಗಳ ಹಲವು ಸನ್ನಿವೇಶಗಳು ಕನ್ನಡದ ಮನೆಗಿಂತ ಪುಸ್ತಕದ ಕಪಾಟಿಗೆ ಹತ್ತಿರ. ಆದರೆ ಮಾತಿನ ಮಟ್ಟದಲ್ಲಿ ಎರವಲಿನ ಆರೋಪ ನಿಲ್ಲುವುದಿಲ್ಲ. ಹಿಂದಿನ ಕನ್ನಡ ನಾಟಕಕಾರರಲ್ಲಿ ಕೈಲಾಸಂ ಇಂಗ್ಲಿಷ್ ಬೆರೆಸಿದ ಸಂಭಾಷಣೆಯಿಂದ ನಗೆ ಹುಟ್ಟಿಸಿದ್ದರು, ಶ್ರೀರಂಗರು ಪಾತ್ರಗಳ ಬಾಯಲ್ಲಿ ವಿಚಾರ ಆಡಿಸಿದ್ದರು. ಲಂಕೇಶರ ಪಾತ್ರಗಳು ಹೇಳಬೇಕಾದದ್ದನ್ನು ಹೇಳಲಾಗದೆ ಬೇರೇನನ್ನೋ ಆಡುತ್ತವೆ. ಬೈಗುಳ, ಅರ್ಧಕ್ಕೆ ನಿಂತ ವಾಕ್ಯ, ಅಸಂಬದ್ಧ ಪ್ರಶ್ನೆ ಇವೇ ನಾಟಕವನ್ನು ಮುಂದಕ್ಕೆ ಒಯ್ಯುತ್ತವೆ. ಇದು ಕನ್ನಡ ರಂಗಭೂಮಿಗೆ ಹೊಸದು.

ಎರಡನೆಯ ಹಂತದಲ್ಲಿ ಅನುವಾದ ಮತ್ತು ಇತಿಹಾಸ ಒಟ್ಟಿಗೆ ಬಂದವು. ಸೊಫೊಕ್ಲಿಸ್‌ನ ಎರಡು ದುರಂತಗಳನ್ನು ‘ದೊರೆ ಈಡಿಪಸ್’ ಮತ್ತು ‘ಅಂತಿಗೊನೆ’ ಎಂದು ಲಂಕೇಶ್ ಕನ್ನಡಕ್ಕೆ ತಂದರು. ದೊರೆಯ ಆಜ್ಞೆಗೂ ವ್ಯಕ್ತಿಯ ಅಂತಃಸಾಕ್ಷಿಗೂ ನಡುವಿನ ಘರ್ಷಣೆಯನ್ನು ಬಹಿರಂಗ ವಿಚಾರಣೆಯ ರೂಪದಲ್ಲಿ ಕಟ್ಟುವ ಗ್ರೀಕ್ ವಿಧಾನ ಅವರಿಗೆ ಒಗ್ಗಿತು. ಇದರ ಫಲ ‘ಸಂಕ್ರಾಂತಿ’. ವಸ್ತು ಹನ್ನೆರಡನೆಯ ಶತಮಾನದ ಕಲ್ಯಾಣ. ಬಸವಣ್ಣ, ಬಿಜ್ಜಳ ಇಬ್ಬರೂ ಇದ್ದಾರೆ. ಆದರೆ ಕೇಂದ್ರದಲ್ಲಿರುವುದು ದಲಿತ ಯುವಕ ರುದ್ರ ಮತ್ತು ಬ್ರಾಹ್ಮಣ ಹುಡುಗಿ ಉಷಾ ಇವರ ಸಂಬಂಧ, ಅದು ಅರಸನ ನ್ಯಾಯಾಸ್ಥಾನಕ್ಕೆ ಬರುವ ಬಗೆ. ಶರಣರ ಚಳವಳಿ ಮನುಷ್ಯನ ಹುಟ್ಟಿನ ಗುರುತನ್ನು ನಿಜವಾಗಿ ಅಳಿಸಬಲ್ಲದೆ ಎಂಬುದು ನಾಟಕದ ಪ್ರಶ್ನೆ. ಹಳೆಯ ತಲೆಮಾರಿನ ಉಜ್ಜನಂಥ ಪಾತ್ರ ಆ ಪ್ರಶ್ನೆಯನ್ನು ತಾತ್ವಿಕ ಭಾಷೆಯಲ್ಲಿ ಎತ್ತುವುದಿಲ್ಲ, ತನ್ನ ಕೇರಿಯ ಮಾತಿನಲ್ಲೇ ಎತ್ತುತ್ತದೆ. ಇದೇ ಕಾಲಘಟ್ಟವನ್ನು ಎಚ್. ಎಸ್. ಶಿವಪ್ರಕಾಶ್ ‘ಮಹಾಚೈತ್ರ’ದಲ್ಲಿ, ಗಿರೀಶ ಕಾರ್ನಾಡರು ‘ತಲೆದಂಡ’ದಲ್ಲಿ ಎತ್ತಿಕೊಂಡದ್ದು ಹದಿನೈದು–ಇಪ್ಪತ್ತು ವರ್ಷ ತಡವಾಗಿ. ಆ ಎರಡೂ ನಾಟಕಗಳ ಹರವು ದೊಡ್ಡದು. ಚಳವಳಿಯ ಒಳಗಿನ ಬಿರುಕನ್ನು ಇಬ್ಬರು ಎಳೆಯರ ಬದುಕಿಗೆ ಇಳಿಸಿ ನೋಡಿದ ಬಿಗಿ ‘ಸಂಕ್ರಾಂತಿ’ಯದು. ಲಿಂಗಾಯತ ಮನೆಯಲ್ಲಿ ಹುಟ್ಟಿದ ಲೇಖಕ ಬಸವಣ್ಣನನ್ನು ಪೂಜೆಯ ಪೀಠದಿಂದ ಇಳಿಸಿ, ಒದ್ದಾಡುವ ಮನುಷ್ಯನಾಗಿ ರಂಗಕ್ಕೆ ತಂದದ್ದನ್ನೂ ಗಮನಿಸಬೇಕು.

1972ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಬಯಲಿನಲ್ಲಿ ಬಿ. ವಿ. ಕಾರಂತರು ‘ಈಡಿಪಸ್’, ‘ಸಂಕ್ರಾಂತಿ’ ಮತ್ತು ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ ನಾಟಕಗಳನ್ನು ನಿರ್ದೇಶಿಸಿದರು. ಕನ್ನಡದ ಹವ್ಯಾಸಿ ರಂಗಭೂಮಿ ಕೋಣೆಯ ನಾಟಕದಿಂದ ಬಯಲಿಗೆ, ಗುಂಪಿಗೆ, ಸಂಗೀತಕ್ಕೆ ಹೊರಳಿದ ಗಳಿಗೆ ಎಂದು ಈ ಪ್ರಯೋಗಗಳನ್ನು ಗುರುತಿಸಲಾಗುತ್ತದೆ. ಮೂರರಲ್ಲಿ ಎರಡರ ಪಠ್ಯ ಲಂಕೇಶರದು.

ಮೂರನೆಯ ಹಂತದಲ್ಲಿ ಒಂದೇ ನಾಟಕ, ‘ಗುಣಮುಖ’ (1993). ದೆಹಲಿಯನ್ನು 1739ರಲ್ಲಿ ಕೊಳ್ಳೆಹೊಡೆದ ಇರಾನಿನ ದೊರೆ ನಾದಿರ್ ಷಾ ಕಾಯಿಲೆ ಬಿದ್ದಿದ್ದಾನೆ. ಹೊಗಳುಭಟರು ಸುತ್ತುವರಿದಿದ್ದಾರೆ. ಚಿಕಿತ್ಸೆಗೆ ಬಂದ ಹಕೀಮ ಅಲಾವಿಖಾನ್ ಅವನಿಗೆ ಔಷಧಿಗಿಂತ ಮೊದಲು ಸತ್ಯ ಹೇಳುತ್ತಾನೆ. ಸರ್ವಾಧಿಕಾರವನ್ನು ರೋಗವಾಗಿಯೂ ನೇರ ಮಾತನ್ನು ಮದ್ದಾಗಿಯೂ ಕಾಣುವ ಈ ನಾಟಕ, ಆ ಹೊತ್ತಿಗೆ ಹದಿಮೂರು ವರ್ಷ ಅಧಿಕಾರಸ್ಥರ ಬಗ್ಗೆ ವಾರವಾರ ಬರೆದ ಸಂಪಾದಕನ ಅನುಭವವಿಲ್ಲದೆ ಹುಟ್ಟುತ್ತಿರಲಿಲ್ಲ.

ಕಾದಂಬರಿಗಳು

ಲಂಕೇಶ್ ಬರೆದ ಕಾದಂಬರಿಗಳು ಮೂರು: ‘ಬಿರುಕು’ (1967), ‘ಮುಸ್ಸಂಜೆಯ ಕಥಾಪ್ರಸಂಗ’ (1978), ‘ಅಕ್ಕ’ (1991). ‘ಬಿರುಕು’ ನವ್ಯ ಕಾದಂಬರಿಯ ಜಾಯಮಾನದ್ದು. ಓದಿದ ಯುವಕ ಬಸವರಾಜನ ಒಳಗೊಡೆತವೇ ಅದರ ಕಥೆ. ಒಬ್ಬನ ಪ್ರಜ್ಞೆಯೊಳಗೆ ಬಂಧಿಯಾದ ಆ ಬರಹದಲ್ಲಿ ಲಂಕೇಶರ ನಿಜವಾದ ಶಕ್ತಿ ಕಾಣುವುದು ಅಲ್ಲಲ್ಲಿ ಮಾತ್ರ.

‘ಮುಸ್ಸಂಜೆಯ ಕಥಾಪ್ರಸಂಗ’ ಪೂರ್ಣ ಬೇರೆ ಬಗೆಯದು. ಒಂದು ಊರೇ ಅದರ ನಾಯಕ. ಬಾಯಿಗೆ ಹೆದರಿ ಊರೇ ಹಿಂಜರಿಯುವ ರಂಗವ್ವ, ಜಾತಿಯ ಗೆರೆ ದಾಟುವ ಎಳೆಯರ ಪ್ರೇಮ, ಸಾಲ, ಕಾಮ, ಸಣ್ಣ ದ್ವೇಷ, ಅನಿರೀಕ್ಷಿತ ಔದಾರ್ಯ ಇವೆಲ್ಲ ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. ನಿರೂಪಕ ಯಾರ ಪರವನ್ನೂ ವಹಿಸುವುದಿಲ್ಲ. ಪಾತ್ರಗಳು ಬಂದು, ಮಾತಾಡಿ, ಜಗಳವಾಡಿ ಹೋಗುತ್ತವೆ. ನ್ಯಾಯ ಓದುಗನಿಗೆ ಬಿಟ್ಟದ್ದು. ಹೆಸರಿನಲ್ಲಿರುವ ‘ಪ್ರಸಂಗ’ ಬಯಲಾಟದ ನೆನಪು ತರುತ್ತದೆ, ರಚನೆಯೂ ಅದಕ್ಕೆ ತಕ್ಕಂತೆ ದೃಶ್ಯದಿಂದ ದೃಶ್ಯಕ್ಕೆ ಸಾಗುತ್ತದೆ. ಇಲ್ಲೊಂದು ಆಕ್ಷೇಪಕ್ಕೆ ಉತ್ತರ ಸಿಗುತ್ತದೆ. ‘ಸಂಕ್ರಾಂತಿ’ಗೂ ‘ಗುಣಮುಖ’ಕ್ಕೂ ನಡುವೆ ಸುಮಾರು ಎರಡು ದಶಕ ಹೇಳಿಕೊಳ್ಳುವಂಥ ನಾಟಕ ಬರೆಯದವರನ್ನು ಮುಖ್ಯವಾಗಿ ನಾಟಕಕಾರ ಎನ್ನುವುದು ಹೇಗೆ ಎಂಬುದು ಆ ಆಕ್ಷೇಪ. ಆ ಎರಡು ದಶಕಗಳಲ್ಲಿ ನಾಟಕ ನಿಂತಿರಲಿಲ್ಲ, ಕಾದಂಬರಿಯೊಳಕ್ಕೆ ಬಂದಿತ್ತು. ‘ಮುಸ್ಸಂಜೆಯ ಕಥಾಪ್ರಸಂಗ’ದಿಂದ ಸಂಭಾಷಣೆಗಳನ್ನು ತೆಗೆದರೆ ಉಳಿಯುವುದು ಬಹಳ ಕಡಿಮೆ.

‘ಅಕ್ಕ’ ಬೆಂಗಳೂರಿನ ಕೊಳೆಗೇರಿಯ ಕಥೆ. ಕ್ಯಾತ ಎಂಬ ಹುಡುಗ ತನ್ನ ಅಕ್ಕ ದೇವೀರಿಯ ಬದುಕನ್ನು ತನ್ನದೇ ಮಾತಿನಲ್ಲಿ ಹೇಳುತ್ತಾನೆ. ಹುಡುಗನಿಗೆ ಅರ್ಥವಾಗದ್ದು ಓದುಗನಿಗೆ ಅರ್ಥವಾಗುತ್ತದೆ. ಕಾದಂಬರಿಯ ನೋವು ಆ ಅಂತರದಲ್ಲಿದೆ. ಇಡೀ ಕೃತಿ ಒಂದು ದೀರ್ಘ ಸ್ವಗತ. ಮಗಳು ಕವಿತಾ ಲಂಕೇಶ್ ಇದನ್ನು ಆಧರಿಸಿ ‘ದೇವೀರಿ’ (1999) ಚಿತ್ರ ನಿರ್ದೇಶಿಸಿದರು. ನಂದಿತಾ ದಾಸ್ ಮುಖ್ಯ ಪಾತ್ರದಲ್ಲಿ ಅಭಿನಯಿಸಿದರು.

ಕಥೆ, ಕಾವ್ಯ, ಇತರ ಬರಹ

‘ಕೆರೆಯ ನೀರನು ಕೆರೆಗೆ ಚೆಲ್ಲಿ’ (1963), ‘ನಾನಲ್ಲ’ (1970), ‘ಉಮಾಪತಿಯ ಸ್ಕಾಲರ್‌ಶಿಪ್ ಯಾತ್ರೆ’ (1973), ‘ಕಲ್ಲು ಕರಗುವ ಸಮಯ’ (1990), ‘ಉಲ್ಲಂಘನೆ’ (1996) ಮುಖ್ಯ ಕಥಾಸಂಕಲನಗಳು. ‘ಮುಟ್ಟಿಸಿಕೊಂಡವನು’ ಅವರ ಹೆಚ್ಚು ಪರಿಚಿತ ಕಥೆಗಳಲ್ಲೊಂದು. ಕಣ್ಣಿನ ಕಾಯಿಲೆಗೆ ದಲಿತ ವೈದ್ಯ ತಿಮ್ಮಪ್ಪನ ಬಳಿ ಹೋದ ರೈತ ಬಸಲಿಂಗ ಜಾತಿಯ ಅಳುಕಿಗೆ ಸಿಕ್ಕಿ ಕಣ್ಣನ್ನೇ ಕಳೆದುಕೊಳ್ಳುತ್ತಾನೆ. ಅಸ್ಪೃಶ್ಯತೆಯನ್ನು ಮೇಲ್ಜಾತಿಯವನ ಕ್ರೌರ್ಯವಾಗಿ ಮಾತ್ರ ತೋರಿಸಿದ್ದರೆ ಕಥೆ ಭಾಷಣವಾಗುತ್ತಿತ್ತು. ಬಸಲಿಂಗ ಕೆಟ್ಟವನಲ್ಲ, ವೈದ್ಯನ ಬಗ್ಗೆ ಅವನಿಗೆ ಗೌರವವೂ ಇದೆ. ಅವನ ಹಿಂಜರಿಕೆಯ ಹಿಂದೆ ಊರಿನ ಬಾಯಿ ಇದೆ. ಲಂಕೇಶರ ಕಥನದಲ್ಲಿ ಕೇಡು ಹೆಚ್ಚಾಗಿ ಹೀಗೆ ನೆರೆಹೊರೆಯ ಮಾತಿನ ಮೂಲಕವೇ ಬರುತ್ತದೆ.

‘ಬಿಚ್ಚು’ (1967), ‘ತಲೆಮಾರು’ (1973) ಅವರ ಕವನ ಸಂಕಲನಗಳು. ತಾಯಿಯನ್ನು ಕುರಿತ ‘ಅವ್ವ’ ಕವಿತೆ ದೇವತೆಯಂಥ ತಾಯಿಯ ಬದಲು ದುಡಿಯುವ, ಬೈಯುವ, ಬದುಕುವ ಹೆಂಗಸನ್ನು ಕಾವ್ಯಕ್ಕೆ ತಂದು ಕನ್ನಡದ ಬಹುಚರ್ಚಿತ ಕವಿತೆಗಳಲ್ಲಿ ಒಂದಾಯಿತು. ಫ್ರೆಂಚ್ ಕವಿ ಬೋದಿಲೇರನ ಕವಿತೆಗಳ ಅನುವಾದ ‘ಪಾಪದ ಹೂಗಳು’, ನವ್ಯ ಕಾವ್ಯದ ಆಯ್ಕೆ ‘ಅಕ್ಷರ ಹೊಸ ಕಾವ್ಯ’ (1970) ಅವರ ಸಂಪಾದನೆ–ಅನುವಾದದ ಕೆಲಸಗಳು. ಪತ್ರಿಕೆಯ ಪುಟಗಳಲ್ಲಿ ‘ನೀಲು’ ಎಂಬ ಹೆಸರಿನಲ್ಲಿ ಬರೆದ ಕಿರುಪದ್ಯಗಳು ಅವರ ಕಾವ್ಯಗಳಲ್ಲೆಲ್ಲ ಹೆಚ್ಚು ಜನರನ್ನು ಮುಟ್ಟಿದವು. ಅವೂ ಒಂದು ಪಾತ್ರದ ಬಾಯಿಂದ ಆಡಿದ ಮಾತುಗಳೇ. ಆತ್ಮಕಥೆ ‘ಹುಳಿಮಾವಿನ ಮರ’ 1997ರಲ್ಲಿ ಹೊರಬಂತು.

ಚಲನಚಿತ್ರ

ಅನಂತಮೂರ್ತಿ ಅವರ ಕಾದಂಬರಿ ಆಧರಿಸಿದ ‘ಸಂಸ್ಕಾರ’ (1970) ಚಿತ್ರದಲ್ಲಿ ಲಂಕೇಶ್ ನಾರಣಪ್ಪನ ಪಾತ್ರ ವಹಿಸಿದರು. ಬಳಿಕ ‘ಪಲ್ಲವಿ’ (1976), ‘ಅನುರೂಪ’ (1977), ‘ಖಂಡವಿದೆಕೋ ಮಾಂಸವಿದೆಕೋ’ (1979), ‘ಎಲ್ಲಿಂದಲೋ ಬಂದವರು’ (1980) ಚಿತ್ರಗಳನ್ನು ನಿರ್ದೇಶಿಸಿದರು. ಕನ್ನಡದ ಹೊಸ ಅಲೆಯ ಸಿನಿಮಾ ಆಗ ಅಗ್ರಹಾರ, ಮಠ, ವಿಧವೆಯರ ವಸ್ತುವಿನಲ್ಲಿ ತೊಡಗಿದ್ದರೆ, ‘ಪಲ್ಲವಿ’ ನಗರದಲ್ಲಿ ಓದಿ ಕೆಲಸ ಹುಡುಕುವ ಯುವಜನರನ್ನು, ಅದರಲ್ಲೂ ಯುವತಿಯ ದೃಷ್ಟಿಯನ್ನು ಮುಂದೆ ತಂದಿತು. ಸಿನಿಮಾ ಅವರ ಕೃತಿರಾಶಿಯಲ್ಲಿ ಒಂದು ಚಿಕ್ಕ ಅಧ್ಯಾಯ ಮಾತ್ರ.

ಲಂಕೇಶ್ ಪತ್ರಿಕೆ

1980ರ ಜುಲೈನಲ್ಲಿ ಆರಂಭವಾದ ‘ಲಂಕೇಶ್ ಪತ್ರಿಕೆ’ ಜಾಹೀರಾತು ತೆಗೆದುಕೊಳ್ಳದೆ ಮಾರಾಟದ ಹಣದಿಂದಲೇ ನಡೆದ ಕಪ್ಪುಬಿಳುಪು ವಾರಪತ್ರಿಕೆ. ಮುಖ್ಯಮಂತ್ರಿ ಆರ್. ಗುಂಡೂರಾವ್ ಅವರ ಆಡಳಿತವನ್ನು ಅದು ಎಡೆಬಿಡದೆ ಟೀಕಿಸಿತು. 1983ರ ಜನವರಿಯ ಚುನಾವಣೆಯಲ್ಲಿ ಕಾಂಗ್ರೆಸ್ ರಾಜ್ಯದಲ್ಲಿ ಮೊದಲ ಬಾರಿ ಅಧಿಕಾರ ಕಳೆದುಕೊಂಡು ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದರು. ಆ ಸೋಲಿಗೆ ರೈತ ಚಳವಳಿ, ದಲಿತ ಚಳವಳಿ, ಗೋಕಾಕ್ ಚಳವಳಿ ಸೇರಿ ಹಲವು ಕಾರಣಗಳಿದ್ದವು. ಪತ್ರಿಕೆ ಅವುಗಳಿಗೆ ಒಂದು ವೇದಿಕೆಯಾಯಿತು ಎನ್ನುವುದು ಸರಿಯಾದ ಅಳತೆ.

ಸಾಹಿತ್ಯದ ದೃಷ್ಟಿಯಿಂದ ಪತ್ರಿಕೆಯ ಮುಖ್ಯ ಕೊಡುಗೆ ಹೊಸ ದನಿಗಳು. ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಇಲ್ಲಿ ಧಾರಾವಾಹಿಯಾಗಿ ಬಂತು. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಬಾನು ಮುಷ್ತಾಕ್ ಈ ಪತ್ರಿಕೆಗೆ ವರದಿಗಾರ್ತಿಯಾಗಿ ದುಡಿದಿದ್ದರು. ವಿಶ್ವವಿದ್ಯಾಲಯದ ಹೊರಗಿದ್ದ, ಮುಸ್ಲಿಂ ಮತ್ತು ದಲಿತ ಸಮುದಾಯಗಳಿಂದ ಬಂದ ಬರಹಗಾರರಿಗೆ ಅದು ತೆರೆದ ಬಾಗಿಲಾಯಿತು.

ಪತ್ರಿಕೆಯ ಮೇಲಿನ ಆಕ್ಷೇಪಗಳು ಎರಡು. ಒಂದು, ಅದರ ಮೊನಚು ಎಷ್ಟೋ ಸಲ ವೈಯಕ್ತಿಕ ಕುಹಕವಾಯಿತು, ಅಡ್ಡಹೆಸರಿಟ್ಟು ಅಣಕಿಸುವುದೇ ವಿಮರ್ಶೆಯಾಯಿತು ಎಂಬುದು. ಇದನ್ನು ಅಲ್ಲಗಳೆಯಲಾಗದು. ರಂಗದ ಮೇಲೆ ಪಾತ್ರವನ್ನು ಒಂದೇ ಗೆರೆಯಲ್ಲಿ ಬಿಡಿಸುವ ಕೌಶಲವನ್ನು ಬದುಕಿರುವ ವ್ಯಕ್ತಿಯ ಮೇಲೆ ಪ್ರಯೋಗಿಸಿದಾಗ ಅನ್ಯಾಯ ತಪ್ಪುವುದಿಲ್ಲ. ಅಲ್ಲಿ ಎದುರುಪಾತ್ರಕ್ಕೆ ಉತ್ತರಿಸುವ ಅವಕಾಶವಿರುವುದಿಲ್ಲ. ಇನ್ನೊಂದು, ಪತ್ರಿಕೆ ಸಾಹಿತಿಯನ್ನು ನುಂಗಿತು ಎಂಬುದು. ಇದಕ್ಕೆ ಇಸವಿಗಳೇ ಉತ್ತರ. ‘ಕಲ್ಲು ಕರಗುವ ಸಮಯ’, ‘ಅಕ್ಕ’, ‘ಗುಣಮುಖ’, ‘ಉಲ್ಲಂಘನೆ’, ‘ಹುಳಿಮಾವಿನ ಮರ’ ಐದೂ ಬಂದದ್ದು 1990ರಿಂದ 1997ರ ನಡುವೆ, ವಾರವಾರ ಪತ್ರಿಕೆ ಹೊರಡಿಸುತ್ತಲೇ. 1980ರ ದಶಕದಲ್ಲಿ ಪುಸ್ತಕಗಳು ವಿರಳವಾದದ್ದು ನಿಜ. ಆದರೆ ‘ಬಿರುಕು’ ಬರೆದವರ ಒಳಮುಖ ಶೈಲಿಗೂ ‘ಅಕ್ಕ’ದ ತಿಳಿಯಾದ ಆಡುಮಾತಿಗೂ ನಡುವಿನ ದೂರವನ್ನು ಲಂಕೇಶ್ ಕ್ರಮಿಸಿದ್ದು ಲಕ್ಷಾಂತರ ಸಾಮಾನ್ಯ ಓದುಗರಿಗೆ ಬರೆದ ಆ ದಶಕದಲ್ಲೇ. ಪತ್ರಿಕೆಯಲ್ಲಿ ಅವರು ಬರೆದ ‘ಟೀಕೆ ಟಿಪ್ಪಣಿ’ ಅಂಕಣದ ಚಿಕ್ಕ ವಾಕ್ಯಗಳು ಕನ್ನಡ ಗದ್ಯಕ್ಕೆ ಕಲಿಸಿದ ಪಾಠ ಅವರ ಕಾದಂಬರಿಗೂ ಬಂದಿತು.

ಪ್ರಾದೇಶಿಕತೆಯ ಪ್ರಶ್ನೆ

ವಯಸ್ಕ ಬದುಕಿನ ಬಹುಭಾಗವನ್ನು ಬೆಂಗಳೂರಿನಲ್ಲಿ ಕಳೆದವರನ್ನು ಶಿವಮೊಗ್ಗದ ಲೇಖಕರೆಂದು ಓದುವುದು ಸರಿಯೇ ಎಂಬ ಸಂದೇಹಕ್ಕೂ ಅವಕಾಶವಿದೆ. ಕುವೆಂಪು ಮೈಸೂರಿನಲ್ಲಿದ್ದೂ ಮಲೆನಾಡನ್ನೇ ಬರೆದರು. ಲಂಕೇಶ್ ನಗರ, ಕೊಳೆಗೇರಿ, ಕಲ್ಯಾಣ, ದೆಹಲಿ ಎಲ್ಲವನ್ನೂ ಬರೆದರು. ವಸ್ತುವನ್ನು ನೋಡಿದರೆ ಅವರನ್ನು ಒಂದು ಊರಿಗೆ ಕಟ್ಟಲಾಗದು. ಕಟ್ಟುವುದು ಅವರ ಭಾಷೆ. ಹನ್ನೆರಡನೆಯ ಶತಮಾನದ ಉಜ್ಜನೂ ಬೆಂಗಳೂರಿನ ಕ್ಯಾತನೂ ಆಡುವ ಕನ್ನಡದಲ್ಲಿ ಅರೆಮಲೆನಾಡಿನ ಬೀದಿಮಾತಿನ ಬಿರುಸು, ಎದುರಿನವನನ್ನು ಕೆಣಕಿ ಮಾತಿಗೆಳೆಯುವ ರೀತಿ ಉಳಿದಿದೆ. ಜಿಲ್ಲೆಯ ಸಾಹಿತ್ಯವೆಂದರೆ ಕಾಡು, ಮಳೆ, ಅಡಿಕೆತೋಟ ಎಂಬ ರೂಢಿಯ ಚಿತ್ರ ಅಪೂರ್ಣ ಎನ್ನುವುದಕ್ಕೆ ಲಂಕೇಶರ ಕೃತಿಗಳೇ ಬಲವಾದ ಆಧಾರ.

ಇಂದಿನ ಸ್ಥಿತಿ

ಲಂಕೇಶ್ 2000ದ ಜನವರಿ 25ರಂದು ಬೆಂಗಳೂರಿನಲ್ಲಿ ನಿಧನರಾದರು. ಪತ್ರಿಕೆಯ ಸಂಪಾದಕತ್ವ ಹಿರಿಯ ಮಗಳು ಗೌರಿ ಲಂಕೇಶರಿಗೆ ಬಂತು. 2005ರಲ್ಲಿ ಅವರು ಪ್ರತ್ಯೇಕವಾಗಿ ‘ಗೌರಿ ಲಂಕೇಶ್ ಪತ್ರಿಕೆ’ ಆರಂಭಿಸಿದರು, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನ ಮನೆಯ ಬಾಗಿಲಲ್ಲಿ ಹತ್ಯೆಗೀಡಾದರು. ಮಗ ಇಂದ್ರಜಿತ್ ಲಂಕೇಶ್ ಪತ್ರಿಕೋದ್ಯಮ ಮತ್ತು ಸಿನಿಮಾ ಕ್ಷೇತ್ರದಲ್ಲಿದ್ದಾರೆ. ಲಂಕೇಶ್ ಪಾಠ ಹೇಳಿದ ಸಹ್ಯಾದ್ರಿ ಕಾಲೇಜು ಈಗ ಕುವೆಂಪು ವಿಶ್ವವಿದ್ಯಾಲಯದ ಘಟಕ. ಅವರ ಕಥೆ, ಕವಿತೆಗಳು ಪಠ್ಯಪುಸ್ತಕಗಳ ಮೂಲಕ ಹೊಸ ತಲೆಮಾರಿಗೆ ತಲುಪುತ್ತಿವೆ. ನಾಟಕಗಳಲ್ಲಿ ‘ಸಂಕ್ರಾಂತಿ’ ಮತ್ತು ‘ಗುಣಮುಖ’ ಹವ್ಯಾಸಿ ತಂಡಗಳ ಆಯ್ಕೆಯಾಗಿ ಉಳಿದಿವೆ. 1960ರ ದಶಕದ ನಾಟಕಗಳು ಹೆಚ್ಚಾಗಿ ಓದಿಗೆ ಸೀಮಿತವಾಗಿವೆ. ಲಂಕೇಶರನ್ನು ಮೊದಲ ಬಾರಿ ಓದುವವರು ಅಂಕಣಗಳಿಂದ ಆರಂಭಿಸುವ ಬದಲು ‘ಸಂಕ್ರಾಂತಿ’, ‘ಮುಸ್ಸಂಜೆಯ ಕಥಾಪ್ರಸಂಗ’, ‘ಗುಣಮುಖ’ ಈ ಮೂರನ್ನು ಇದೇ ಕ್ರಮದಲ್ಲಿ ಓದುವುದು ಒಳ್ಳೆಯದು.